ಕೊರೊನಾ ಲಾಕ್‌ಡೌನಲ್ಲಿ ಕಿರಾಣಿ ಅಂಗಡಿ: ಬ್ಲೀಚಿಂಗ್ ಪೌಡರ್ ಎಷ್ಟು, ಸ್ಯಾನಿಟೈಸರ್ ಹೇಗೆ, ಮಾಸ್ಕ್‌ಗೆ ಯಾವ ಬಟ್ಟೆ?

ಅಂಗಡಿಮನೆ · 9 ಏಪ್ರಿಲ್ 2020, ಬೆಳಿಗ್ಗೆ 6:50
ಎಲ್ಲರಿಗೂ ನಮಸ್ಕಾರ. ತಾಲ್ಲೂಕು ಊರಲ್ಲಿ ಕಿರಾಣಿ ಅಂಗಡಿ. ಅಗತ್ಯ ವಸ್ತು ಅಂತ ತೆರೆಯೋಕೆ ಬಿಟ್ಟಿದ್ದಾರೆ, ಸಮಯ ಕಡಿಮೆ, ಇರೋ ಅಷ್ಟರಲ್ಲೇ ಜನ ಮುಗಿಬೀಳ್ತಾರೆ. ಸ್ಯಾನಿಟೈಸರ್ ಎಲ್ಲೂ ಇಲ್ಲ. ಬ್ಲೀಚಿಂಗ್ ಪೌಡರ್ 25 ಕೆಜಿ ಚೀಲ ಸಿಕ್ಕಿದೆ. ಕೌಂಟರ್, ಶಟರ್ ಹಿಡಿ, ತಕ್ಕಡಿ ಇವನ್ನೆಲ್ಲ ಒರೆಸೋಕೆ ಎಷ್ಟು ನೀರಿಗೆ ಎಷ್ಟು ಪೌಡರ್? ವಾಟ್ಸಾಪಲ್ಲಿ ಒಬ್ಬರು ಒಂದು ಚಮಚ ಅಂತಾರೆ, ಇನ್ನೊಬ್ಬರು ಒಂದು ಕೆಜಿ ಅಂತಾರೆ. ಜೊತೆಗೆ ನೋಟು ಮುಟ್ಟೋದು, ಕ್ಯೂ ನಿಲ್ಲಿಸೋದು, ಮಾಸ್ಕ್, ಗೊತ್ತಿರೋರು ಲೆಕ್ಕ ಸಮೇತ ಹೇಳಿ. ಅರಿಶಿನದ ಫಾರ್ವರ್ಡ್ ಬೇಡ, ಈಗಾಗಲೇ ಬೇಕಾದಷ್ಟು ಬಂದಿದೆ.

ನೀರುಗಂಟಿ · ಬೆಳಿಗ್ಗೆ 7:15
ಚೀಲದ ಮೇಲೆ ಕ್ಲೋರಿನ್ ಪ್ರಮಾಣ ಎಷ್ಟು ಅಂತ ಬರೆದಿದೆ ನೋಡಿ. ನಮ್ಮ ಕಡೆ ಪಂಚಾಯ್ತಿಗೆ ಬರೋದು ಸಾಮಾನ್ಯವಾಗಿ 30ರಿಂದ 33%. ಅದನ್ನ ನೋಡದೆ ಚಮಚದ ಲೆಕ್ಕ ಹೇಳೋರ ಮಾತು ಕೇಳಬೇಡಿ.

30% ಪೌಡರಾದರೆ:
1% ದ್ರಾವಣಕ್ಕೆ ಲೀಟರಿಗೆ 33 ಗ್ರಾಂ, ಅಂದ್ರೆ 10 ಲೀಟರ್ ಬಕೆಟ್ಟಿಗೆ 330 ಗ್ರಾಂ.
0.1% ದ್ರಾವಣಕ್ಕೆ 10 ಲೀಟರಿಗೆ 33 ಗ್ರಾಂ.

ನಿಮ್ಮ ಹತ್ರ ತಕ್ಕಡಿನೇ ಇದೆ, ಅಂದಾಜು ಯಾಕೆ? ಕವರಲ್ಲಿ ಹಾಕಿ ತೂಗಿ.

ಕಲಸೋ ರೀತಿ: ಪ್ಲಾಸ್ಟಿಕ್ ಬಕೆಟ್ ಮಾತ್ರ. ಮೊದಲು ಪೌಡರಿಗೆ ಸ್ವಲ್ಪವೇ ನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಗಂಟು ಒಡೀರಿ. ಆಮೇಲೆ ಉಳಿದ ನೀರು ಹಾಕಿ ಕೋಲಲ್ಲಿ ತಿರುವಿ, ಮುಚ್ಚಿ ಅರ್ಧ ಗಂಟೆ ಬಿಡಿ. ತಳದಲ್ಲಿ ಸುಣ್ಣ ಕೂರುತ್ತೆ. ಮೇಲಿನ ತಿಳಿ ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ. ಗಸಿ ಸಮೇತ ಸ್ಪ್ರೇ ಪಂಪಿಗೆ ಹಾಕಿದ್ರೆ ನಾಜಲ್ ಕಟ್ಟಿಕೊಳ್ಳುತ್ತೆ, ಒಣಗಿದ ಮೇಲೆ ಕೌಂಟರೆಲ್ಲ ಬಿಳಿ ಬಿಳಿ. ಅವತ್ತಿನದು ಅವತ್ತೇ ಮಾಡಿ, ಬಿಸಿಲಿಗೆ ಇಟ್ಟರೆ ಸಂಜೆಗೆ ಬರೀ ಸುಣ್ಣದ ನೀರು.

ಮಂಡಿಪೇಟೆ · ಬೆಳಿಗ್ಗೆ 7:32
1% ಅಂತ ಸರ್ಕಾರದ ಸುತ್ತೋಲೆಯಲ್ಲೇ ಇದೆ. 0.1% ಎಲ್ಲಿಂದ ತಂದ್ರಿ?

ಕೆಮಿಸ್ಟ್ರಿ ಮೇಷ್ಟ್ರು · ಬೆಳಿಗ್ಗೆ 8:05
ಎರಡೂ ಸರಿ, ಜಾಗ ಬೇರೆ. ಕೇಂದ್ರ ಆರೋಗ್ಯ ಇಲಾಖೆ ಸಾರ್ವಜನಿಕ ಜಾಗಗಳಿಗೆ 1% ಹೈಪೋಕ್ಲೋರೈಟ್ (ಕ್ಲೋರಿನ್ ಇರೋ ಬ್ಲೀಚ್ ದ್ರಾವಣ) ಅನ್ನುತ್ತೆ: ಬಸ್ ಸ್ಟ್ಯಾಂಡ್, ಶೌಚಾಲಯ, ಆಫೀಸ್ ನೆಲ. ಯೂರೋಪಿನ ರೋಗ ನಿಯಂತ್ರಣ ಕೇಂದ್ರ ಮೇಲ್ಮೈ ಒರೆಸೋಕೆ 0.1% ಸಾಕು ಅನ್ನುತ್ತೆ, ಆದರೆ ಮೊದಲು ಸೋಪು ನೀರಲ್ಲಿ ಒರೆಸಿರಬೇಕು. ಈ ‘ಮೊದಲು’ ಅನ್ನೋದೇ ಮುಖ್ಯ. ಎಣ್ಣೆ ಜಿಡ್ಡು, ಬೆಲ್ಲದ ಪಸೆ, ಹಿಟ್ಟಿನ ಧೂಳು ಇದ್ದರೆ ಕ್ಲೋರಿನ್ ಅದರ ಜೊತೆಗೇ ಸೇರಿ ಖರ್ಚಾಗಿಬಿಡುತ್ತೆ. ಕೊಳಕು ಕೌಂಟರ್ ಮೇಲೆ 1% ಸುರಿಯೋದಕ್ಕಿಂತ ತೊಳೆದ ಕೌಂಟರ್ ಮೇಲೆ 0.1% ಚೆನ್ನಾಗಿ ಕೆಲಸ ಮಾಡುತ್ತೆ.

ಎರಡನೇದು ಸಮಯ. ಹಾಕಿದ ತಕ್ಷಣ ಒಣಬಟ್ಟೆಯಲ್ಲಿ ಒರೆಸೋದನ್ನೇ ಎಲ್ಲ ಕಡೆ ನೋಡ್ತಿದ್ದೀನಿ. 10 ನಿಮಿಷ ಒದ್ದೆಯಾಗೇ ಇರಬೇಕು. ಆಮೇಲೆ ಬರೀ ನೀರಿನ ಬಟ್ಟೆ. ಕಬ್ಬಿಣದ ಶಟರ್ ಹಿಡಿ, ಬೀಗ, ಸ್ಟೀಲ್ ತಟ್ಟೆ ಇವನ್ನ ನೀರಲ್ಲಿ ಒರೆಸದೆ ಬಿಟ್ಟರೆ ತುಕ್ಕು ಗ್ಯಾರಂಟಿ.

ಬಾಟಲಿಯಲ್ಲಿ ಬರೋ 5% ದ್ರವ ಹೈಪೋಕ್ಲೋರೈಟ್ ಸಿಕ್ಕಿದ್ರೆ 1 ಪಾಲಿಗೆ 4 ಪಾಲು ನೀರು ಸೇರಿಸಿದ್ರೆ 1%. 49 ಪಾಲು ಸೇರಿಸಿದ್ರೆ 0.1%.

ಕಡಲತಡಿ · ಬೆಳಿಗ್ಗೆ 8:20
ಮಾರಾಯ್ರೆ, ಒಂದು ವಿಷಯ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿ. ಟಾಯ್ಲೆಟ್ ತೊಳೆಯುವ ಆಸಿಡನ್ನು ಬ್ಲೀಚಿಂಗ್ ಜೊತೆ ಸೇರಿಸಲೇಬಾರದು. ಕ್ಲೋರಿನ್ ಗ್ಯಾಸ್ ಏಳ್ತದೆ, ಸಣ್ಣ ಬಚ್ಚಲುಮನೆಯಲ್ಲಿ ಉಸಿರು ಕಟ್ತದೆ. ‘ಎರಡು ಹಾಕಿದ್ರೆ ಡಬಲ್ ಪವರ್’ ಅಂತ ಹೇಳುವವರು ಇದ್ದಾರೆ. ವಿನೆಗರ್ ಕೂಡ ಬೇಡ, ಅಮೋನಿಯ ಇರುವ ಗ್ಲಾಸ್ ಕ್ಲೀನರ್ ಕೂಡ ಬೇಡ.

ಅಂಗಡಿಮನೆ · ಬೆಳಿಗ್ಗೆ 8:41
ಚೀಲದ ಮೇಲೆ ಇಂಕ್ ಅಳಿಸಿಹೋಗಿದೆ. ಎಷ್ಟು ಹಳೇದೋ ಗೊತ್ತಿಲ್ಲ. ವಾಸನೆ ಅಷ್ಟೇನೂ ಘಾಟಿಲ್ಲ.

ನೀರುಗಂಟಿ · ಬೆಳಿಗ್ಗೆ 9:10
ಘಾಟಿಲ್ಲ ಅಂದ್ರೆ ಅನುಮಾನವೇ. ಚೀಲ ಬಿಚ್ಚಿದ ಮೇಲೆ ಗಾಳಿ, ತೇವ, ಬಿಸಿಲು ತಾಕಿದಷ್ಟೂ ಕ್ಲೋರಿನ್ ಹೋಗುತ್ತೆ. ಪರೀಕ್ಷೆಗೆ ಪಂಚಾಯ್ತೀಲಿ ಕ್ಲೋರೋಸ್ಕೋಪ್ ಡಬ್ಬಿ ಇರುತ್ತೆ ಕೇಳಿ. ಟ್ಯಾಂಕಿನ ನೀರಿಗೆ ಹನಿ ಹಾಕಿ ಹಳದಿ ಬಣ್ಣ ನೋಡ್ತಾರಲ್ಲ, ಅದೇ.

1% ದ್ರಾವಣವನ್ನ ನೇರ ಅದರಲ್ಲಿ ನೋಡೋಕಾಗಲ್ಲ, ಬಣ್ಣ ಪಟ್ಟಿ ದಾಟಿ ಹೋಗುತ್ತೆ. ಹೀಗೆ ಮಾಡಿ: 330 ಗ್ರಾಂ ಲೆಕ್ಕದಲ್ಲಿ ಮಾಡಿದ ತಿಳಿನೀರನ್ನ ಸಿರಿಂಜಲ್ಲಿ 1 ಮಿ.ಲೀ. ತಗೊಳ್ಳಿ, 10 ಲೀಟರ್ ಬೋರ್‌ವೆಲ್ ನೀರಿಗೆ ಹಾಕಿ ಕಲಕಿ. ನಲ್ಲಿ ನೀರು ಬೇಡ, ಅದರಲ್ಲೇ ಕ್ಲೋರಿನ್ ಇರುತ್ತೆ. ದ್ರಾವಣ ಸರಿಯಾಗಿ 1% ಇದ್ದರೆ ಡಬ್ಬೀಲಿ ಹೆಚ್ಚುಕಮ್ಮಿ 1.0 ತೋರಿಸಬೇಕು. 0.5 ತೋರಿಸಿದ್ರೆ ಚೀಲ ಅರ್ಧ ಸತ್ತಿದೆ, ಪೌಡರ್ ಎರಡರಷ್ಟು ಹಾಕಿ. ಬಣ್ಣವೇ ಬರಲಿಲ್ಲ ಅಂದ್ರೆ ಗೋಡೆಗೆ ಸುಣ್ಣ ಬಳೀರಿ.

ಇನ್ನೊಂದು, ಮನೆಯಲ್ಲಿ ಕುಡಿಯೋ ನೀರಿನ ಟ್ಯಾಂಕಿಗೆ ಈ ಲೆಕ್ಕ ಹಾಕಿಬಿಟ್ಟೀರಾ! ಅದಕ್ಕೆ ಒಳ್ಳೆ ಪೌಡರ್ 1000 ಲೀಟರಿಗೆ 2.5 ಗ್ರಾಂ.

ಕೆಮಿಸ್ಟ್ರಿ ಮೇಷ್ಟ್ರು · ಬೆಳಿಗ್ಗೆ 9:18
ಹತ್ತು ಸಾವಿರ ಪಾಲು ತೆಳು ಮಾಡಿದರೆ 1% ಹೋಗಿ ಲೀಟರಿಗೆ 1 ಮಿ.ಗ್ರಾಂ. ನಿಮ್ಮ ಲೆಕ್ಕ ಚೊಕ್ಕವಾಗಿದೆ ನೀರುಗಂಟಿಯವರೇ. ಈ ಉಪಾಯ ಪಠ್ಯಪುಸ್ತಕದಲ್ಲಿ ಇರಬೇಕಿತ್ತು.

ಧಾರವಾಡ್ ಪೇಡೆ · ಬೆಳಿಗ್ಗೆ 10:02
ಏನ್ರಿ ಇದು, ಕಿರಾಣಿ ಅಂಗಡಿ ಐತೋ ಲ್ಯಾಬೋರೇಟರಿ ಐತೋ? ಮೊದ್ಲ ಮಂದೀನ ದೂರ ನಿಲ್ಲಸ್ರಿ. ಬಾಗಲಾಗ ಅಡ್ಡ ಟೇಬಲ್ ಹಾಕ್ರಿ, ಯಾರನ್ನೂ ಒಳಗ ಬಿಡಬ್ಯಾಡ್ರಿ. ಮಂದಿ ಒಳಗ ಬಂದು ಅಕ್ಕಿ ಮುಟ್ಟಿ, ಬ್ಯಾಳಿ ಮುಟ್ಟಿ ನೋಡೂದು ಬಂದಾದ್ರ ಒರಸೂ ಕೆಲಸನೂ ಅರ್ಧ ಕಡಿಮಿ ಆಗ್ತೈತಿ.

ಮಂದಿ ನಿಂದರಾಕ ಸುಣ್ಣದ್ ಪುಡೀಲೆ ಗುಂಡು (ದುಂಡನ ಗೆರಿ) ಹಾಕಿದ್ರ ಮಧ್ಯಾಹ್ನದಾಗ ಕಾಲಾಗ ತುಳದು ಹೋಗ್ತಾವ. ಆಯಿಲ್ ಪೇಂಟ್‌ಲೆ ಹಾಕ್ರಿ, ಒಂದರಿಂದ ಇನ್ನೊಂದು ನಡುವ ಮೂರು ಫೂಟಿಗಿಂತ ಮ್ಯಾಲೆ ಇರ್ಲಿ. ಮತ್ತ ಗುಂಡು ನೆರಳಿನ ಕಡೆ ಹಾಕ್ರಿ. ಏಪ್ರಿಲ್ ಬಿಸಲಾಗ ಗುಂಡು ಹಾಕಿದ್ರ ಮಂದಿ ಎಲ್ಲಾರೂ ಒಂದ ಗಿಡದ ಬುಡಕ ಹೋಗಿ ನಿಂದರ್ತಾರ, ಚಪ್ಪಲಿ ಅಷ್ಟ ಗುಂಡಿನಾಗ ಇರ್ತಾವ.

ಗೃಹಲಕ್ಷ್ಮಿ_ಅಲ್ಲ · ಬೆಳಿಗ್ಗೆ 10:09
ಚಪ್ಪಲಿ ಕ್ಯೂ 😂 ನಮ್ಮ ಪಡಿತರ ಅಂಗಡಿ ಮುಂದೆ ಚಪ್ಪಲಿ, ಚೀಲ, ಕಲ್ಲು ಎಲ್ಲ ಸಾಲಾಗಿ ನಿಂತಿವೆ.

ಮಂಡಿಪೇಟೆ · ಬೆಳಿಗ್ಗೆ 10:40
ಚೀಟಿ ಪದ್ಧತಿ ಮಾಡಿ. ಹಿಂದಿನ ಸಂಜೆ ವಾಟ್ಸಾಪಲ್ಲಿ ಪಟ್ಟಿ ತರಿಸಿಕೊಳ್ಳಿ, ರಾತ್ರಿ ಕಟ್ಟಿಡಿ, ಬೆಳಿಗ್ಗೆ ಹೆಸರು ಕೂಗಿ ಕೊಡಿ. ಸಕ್ಕರೆ, ರವೆ, ತೊಗರಿಬೇಳೆ, ಅವಲಕ್ಕಿ ಅರ್ಧ ಕೆಜಿ, ಒಂದು ಕೆಜಿ ಮೊದಲೇ ಪೊಟ್ಟಣ ಕಟ್ಟಿಟ್ಟರೆ ಒಬ್ಬ ಗಿರಾಕಿ ಎರಡು ನಿಮಿಷದಲ್ಲಿ ಹೋಗ್ತಾನೆ. ಬಿಡಿಯಾಗಿ ತೂಗ್ತಾ ಕೂತ್ರೆ ಹತ್ತು ನಿಮಿಷ.

ತೂಕದ ಮನುಷ್ಯ · ಬೆಳಿಗ್ಗೆ 11:05
ಒಂದು ಎಚ್ಚರಿಕೆ. ಗಿರಾಕಿ ಎದುರಿಗಿಲ್ಲದೆ ಮೊದಲೇ ತೂಗಿ ಕಟ್ಟಿ ಮಾರೋಕೆ ಇಟ್ಟರೆ ಅದು ಕಾನೂನಿನ ಪ್ರಕಾರ ಪೊಟ್ಟಣ ಸರಕು. ತೂಕ, ಬೆಲೆ, ಕಟ್ಟಿದವರ ಹೆಸರು, ತಿಂಗಳು ಬರೆದಿರಬೇಕು. ಈಗ ಯಾರೂ ಬಂದು ಕೇಳಲಿಕ್ಕಿಲ್ಲ, ಆದರೂ ಸ್ಕೆಚ್ ಪೆನ್ನಲ್ಲಿ ಬರೆದು ಅಂಟಿಸಿ. ಜಗಳವೂ ತಪ್ಪುತ್ತೆ.

ಮಂಡಿಪೇಟೆ · ಬೆಳಿಗ್ಗೆ 11:11
ಮಾಲೇ ಬರ್ತಿಲ್ಲ, ಲೇಬಲ್ ಎಲ್ಲಿ ಅಂಟಿಸೋದು ಸ್ವಾಮಿ.

ಲಾರಿ ಟಾರ್ಪಾಲು · ಬೆಳಿಗ್ಗೆ 11:48
ಮಾಲು ಬರದೇ ಇರೋದು ರೂಲ್ಸಿಂದಲ್ಲ. ಮಾರ್ಚ್ 29ಕ್ಕೇ ಗೃಹ ಇಲಾಖೆ ಹೇಳಿದೆ, ಅಗತ್ಯ, ಅಗತ್ಯವಲ್ಲದ್ದು ಅಂತ ಭೇದ ಮಾಡದೆ ಎಲ್ಲ ಸರಕು ಗಾಡಿ ಬಿಡಿ ಅಂತ. ಇ-ವೇ ಬಿಲ್ಲೂ (ಸರಕು ಸಾಗಣೆಯ ಆನ್‌ಲೈನ್ ಚೀಟಿ) ಮಾರ್ಚ್ 20ರಿಂದ ಏಪ್ರಿಲ್ 15ರೊಳಗೆ ಅವಧಿ ಮುಗಿಯೋವಕ್ಕೆ ಏಪ್ರಿಲ್ 30ರವರೆಗೆ ಮುಂದಕ್ಕೆ ಹಾಕಿದ್ದಾರೆ. ತೊಂದರೆ ಏನಂದ್ರೆ ಇಳಿಸೋಕೆ ಹಮಾಲರಿಲ್ಲ, ದಾರೀಲಿ ಊಟದ ಹೋಟೆಲಿಲ್ಲ, ಪಂಕ್ಚರ್ ಅಂಗಡಿ ಮುಚ್ಚಿದೆ. ವಾಪಸ್ ಬರುವಾಗ ಲೋಡಿಲ್ಲದೆ ಖಾಲಿ ಬರಬೇಕು, ಹಾಗಾಗಿ ಬಾಡಿಗೆ ಎರಡೂ ಕಡೇದು ಕೇಳ್ತಾರೆ. ನಾಲ್ಕು ಅಂಗಡಿಯವರು ಸೇರಿ ಒಂದೇ ಗಾಡಿ ತರಿಸಿ, ಇಳಿಸೋ ಹುಡುಗರನ್ನ ನೀವೇ ಗೊತ್ತುಮಾಡಿ, ಅವರ ಪಾಸು ಮೊದಲೇ ಮಾಡಿಸಿ.

ಅಂಗಡಿಮನೆ · ಮಧ್ಯಾಹ್ನ 1:30
ಬಹಳ ಉಪಕಾರ. ಈಗ ಸ್ಯಾನಿಟೈಸರ್ ವಿಷಯ. ಮೆಡಿಕಲಲ್ಲಿ 200 ಮಿ.ಲೀ.ಗೆ ₹250 ಅಂತಿದ್ದಾರೆ.

ಗೃಹಲಕ್ಷ್ಮಿ_ಅಲ್ಲ · ಮಧ್ಯಾಹ್ನ 1:36
₹100ಕ್ಕಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ! ಮಾರ್ಚಲ್ಲೇ ಕೇಂದ್ರ ಬೆಲೆ ಕಟ್ಟಿದೆ, ಈ ವರ್ಷ (2020) ಜೂನ್ 30ರವರೆಗೆ. ಮೂರು ಪದರದ ಸರ್ಜಿಕಲ್ ಮಾಸ್ಕಿಗೆ ₹10. ಬಿಲ್ ಕೇಳಿ ನೋಡಿ, ಬೆಲೆ ತಾನಾಗೇ ಇಳಿಯುತ್ತೆ.

ಕರಿಬೇವು · ಮಧ್ಯಾಹ್ನ 1:50
ಲೋಳೆಸರ + ಸರ್ಜಿಕಲ್ ಸ್ಪಿರಿಟ್ + ಎರಡು ಹನಿ ನೀಲಗಿರಿ ಎಣ್ಣೆ. ಯೂಟ್ಯೂಬಲ್ಲಿ ಇದೆ, ಸುಲಭ.

ಕೆಮಿಸ್ಟ್ರಿ ಮೇಷ್ಟ್ರು · ಮಧ್ಯಾಹ್ನ 2:25
ಸುಲಭ ಹೌದು, ಕೆಲಸಕ್ಕೆ ಬರಲ್ಲ. ಕೈಗೆ ಬೀಳುವಾಗ ಆಲ್ಕೊಹಾಲ್ ಕನಿಷ್ಠ 60% ಇರಬೇಕು. 70% ಸ್ಪಿರಿಟ್ ಎರಡು ಪಾಲು, ಲೋಳೆಸರ ಒಂದು ಪಾಲು ಸೇರಿಸಿದರೆ ಉಳಿಯೋದು ಸುಮಾರು 47%. ಘಮ ಬರುತ್ತೆ, ಕೈ ತಂಪಾಗುತ್ತೆ, ವೈರಸ್ ಸಾಯುತ್ತೆ ಅನ್ನೋ ಭರವಸೆ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ 10 ಲೀಟರಿಗಿದೆ. ಅದನ್ನು 1 ಲೀಟರಿಗೆ ಇಳಿಸಿದರೆ:
ಐಸೊಪ್ರೊಪೈಲ್ ಆಲ್ಕೊಹಾಲ್ (99.8%) 750 ಮಿ.ಲೀ.
ಹೈಡ್ರೋಜನ್ ಪೆರಾಕ್ಸೈಡ್ (3%) 42 ಮಿ.ಲೀ.
ಗ್ಲಿಸರಿನ್ 14.5 ಮಿ.ಲೀ.
ಕುದಿಸಿ ಆರಿಸಿದ ನೀರು, ಒಟ್ಟು 1 ಲೀಟರ್ ಗೆರೆ ಮುಟ್ಟುವವರೆಗೆ.

ಜನ ಎಡವೋ ಜಾಗಗಳು: ಮೆಡಿಕಲ್‌ಗಳಲ್ಲಿ ಸಿಗೋ ಪೆರಾಕ್ಸೈಡ್ ಹೆಚ್ಚಾಗಿ 6%, ‘20 ವಾಲ್ಯೂಮ್’ ಅಂತಲೂ ಬರೆದಿರುತ್ತೆ. ಅದಾದರೆ 21 ಮಿ.ಲೀ. ಸಾಕು. ಪೆರಾಕ್ಸೈಡ್ ಹಾಕೋದು ಕೈಗಲ್ಲ, ನೀರು ಅಥವಾ ಬಾಟಲಿಯಲ್ಲಿರೋ ಬ್ಯಾಕ್ಟೀರಿಯಾದ ಬೀಜಕಣ ಸಾಯಲಿ ಅಂತ. ಅದಕ್ಕೇ ಕಲಸಿದ ಮೇಲೆ 72 ಗಂಟೆ ಮುಚ್ಚಿಟ್ಟು ಆಮೇಲೆ ಬಳಸಬೇಕು. ಗ್ಲಿಸರಿನ್ ಅಂಟಿನ ಹಾಗಿರೋದರಿಂದ ಅಳತೆ ಲೋಟದಲ್ಲೇ ಅರ್ಧ ಉಳಿಯುತ್ತೆ, ಅದೇ ಆಲ್ಕೊಹಾಲಿಂದ ಲೋಟ ತೊಳೆದು ಹಾಕಿ. ಗಟ್ಟಿ ಜೆಲ್ ಆಗಬೇಕು ಅನ್ನೋ ಆಸೆ ಬೇಡ, ನೀರಾಗಿರೋದೇ ಸರಿ.

ಮಾರೋದಕ್ಕೆ ಅಂತ ತಯಾರಿಸಬೇಕಾದ್ರೆ ಲೈಸೆನ್ಸ್ ಬೇಕು. ಅಂಗಡಿಯವರ ಕೈಗೆ, ಗಿರಾಕಿ ಕೈಗೆ ಹಾಕೋಕೆ ಮಾತ್ರ ಇದು.

ಸಂಜೆ ಐದೂವರೆ · ಮಧ್ಯಾಹ್ನ 2:31
ಮೇಷ್ಟ್ರೇ, ಆ 750 ಮಿ.ಲೀ.ಗೆ ಸೋಡಾ ಹಾಕಿದ್ರೆ? ಮಾರ್ಚಿಂದ ಎಲ್ಲ ಬಂದ್, ಕೈ ನಡುಗ್ತಿದೆ.

ಕೆಮಿಸ್ಟ್ರಿ ಮೇಷ್ಟ್ರು · ಮಧ್ಯಾಹ್ನ 2:38
ತಮಾಷೆಗೂ ಬೇಡ. ಐಸೊಪ್ರೊಪೈಲ್ ಕುಡಿದರೆ ಹೊಟ್ಟೆಯೊಳಗೆ ರಕ್ತಸ್ರಾವ, ಪ್ರಜ್ಞೆ ತಪ್ಪೋದು. ಕೈಗಾರಿಕೆಯ ಡಿನೇಚರ್ಡ್ (ಕುಡಿಯೋಕಾಗದ ಹಾಗೆ ಕಲಬೆರಕೆ ಮಾಡಿದ) ಸ್ಪಿರಿಟಲ್ಲಿ ಮೆಥನಾಲ್ ಇರಬಹುದು, ಕಣ್ಣೇ ಹೋಗುತ್ತೆ. ಅದನ್ನು ಸ್ಯಾನಿಟೈಸರ್ ಮಾಡೋಕೂ ತಗೋಬೇಡಿ, ಚರ್ಮದಿಂದಲೂ ಒಳಗೆ ಹೋಗುತ್ತೆ. ಕೈ ನಡುಗೋದು ನಿಜವೇ ಆಗಿದ್ದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಕುಡಿತ ಏಕಾಏಕಿ ನಿಂತಾಗ ಹಾಗಾಗುತ್ತೆ, ಅದಕ್ಕೆ ಔಷಧಿ ಇದೆ, ನಾಚಿಕೆ ಬೇಡ.

ಕಡಲತಡಿ · ಮಧ್ಯಾಹ್ನ 3:02
ಬೆಂಕಿ ವಿಷಯ ಹೇಳ್ಲಿಲ್ಲ ನೀವು. ಬೆಳಿಗ್ಗೆ ಅಂಗಡಿ ತೆಗೆದ ಕೂಡ್ಲೆ ಎಲ್ಲರೂ ಗಲ್ಲಾಪೆಟ್ಟಿಗೆ ಹತ್ತಿರ ಊದುಬತ್ತಿ ಹಚ್ತಾರೆ. ಕೈಗೆ ಸ್ಯಾನಿಟೈಸರ್ ಹಾಕಿ ಒಣಗುವ ಮೊದಲೇ ಕಡ್ಡಿ ಗೀರಿದ್ರೆ ಕೈಗೇ ಬೆಂಕಿ, ಹಗಲು ಬೆಳಕಲ್ಲಿ ಅದರ ಜ್ವಾಲೆ ಕಾಣುವುದೂ ಕಷ್ಟ. 5ನೇ ತಾರೀಕು ರಾತ್ರಿ 9ಕ್ಕೆ ಪ್ರಧಾನಿ ಕರೆಯ ಮೇಲೆ ದೀಪ ಹಚ್ಚುವಾಗ ಇದನ್ನೇ ಹೇಳಿದ್ದರಲ್ಲ, ಸೋಪಲ್ಲಿ ಕೈ ತೊಳೀರಿ ಅಂತ. ಬಾಟಲಿಯನ್ನು ದೇವರ ಪಟದ ಕೆಳಗೆ ಇಡಬೇಡಿ.

ಧಾರವಾಡ್ ಪೇಡೆ · ಮಧ್ಯಾಹ್ನ 3:20
ಇಷ್ಟೆಲ್ಲಾ ಯಾಕ್ರಿ? ಬಾಗಲಾಗ ನಳ ಇರೂ ಡ್ರಮ್ ಇಡ್ರಿ, ಸಾಬಾಣ ಬಲಿಯೊಳಗ ಹಾಕಿ ದಾರಕ್ಕ ಕಟ್ರಿ. ಅಂದ್ರ ಸಾಬಾಣ ಕೆಳಗ ಬಿದ್ದು ಮಣ್ಣಾಗೂದಿಲ್ಲ, ಯಾರೂ ಒಯ್ಯೂದೂ ಇಲ್ಲ. ಕೆಳಗ ಒಂದು ಬುಟ್ಟಿ ಜಲ್ಲಿ ಕಲ್ಲು ಹಾಕ್ರಿ, ಕೆಸರಾಗೂದಿಲ್ಲ.

ಕೆಮಿಸ್ಟ್ರಿ ಮೇಷ್ಟ್ರು · ಮಧ್ಯಾಹ್ನ 3:24
ಇದಕ್ಕೆ ನನ್ನ ಪೂರ್ತಿ ಬೆಂಬಲ. ಕೈಗೆ ಜಿಡ್ಡು, ಮಣ್ಣು ಇದ್ದಾಗ ಸ್ಯಾನಿಟೈಸರಿಗಿಂತ 20 ಸೆಕೆಂಡ್ ಸೋಪೇ ಮೇಲು. ವೈರಸ್ಸಿನ ಹೊರಪದರ ಕೊಬ್ಬಿಂದು, ಸೋಪು ಅದನ್ನ ಕಿತ್ತುಹಾಕುತ್ತೆ. ನಲ್ಲಿ ತಿರುಪು ಬೇಡ, ಮೊಣಕೈಯಲ್ಲಿ ತಳ್ಳೋ ಸನ್ನೆ ನಲ್ಲಿ ಹಾಕಿಸಿ.

ಗೃಹಲಕ್ಷ್ಮಿ_ಅಲ್ಲ · ಸಂಜೆ 4:10
ನೋಟಿನ ಬಗ್ಗೆ ಯಾರೂ ಹೇಳ್ಲಿಲ್ಲ. ಕೆಲವರು ಇಸ್ತ್ರಿ ಪೆಟ್ಟಿಗೆಯಲ್ಲಿ ನೋಟು ಉಜ್ಜುತ್ತಿದ್ದಾರೆ!

ಮಂಡಿಪೇಟೆ · ಸಂಜೆ 4:33
ಉಜ್ಜಬೇಡಿ, ತೊಳೀಬೇಡಿ. ಎಲ್ಲಕ್ಕಿಂತ ಮೊದಲು ಎಂಜಲು ಹಚ್ಚಿ ನೋಟು ಎಣಿಸೋದು ಬಿಡಬೇಕು. ಬ್ಯಾಂಕಿನವರ ಹಾಗೆ ಒದ್ದೆ ಸ್ಪಂಜಿನ ಡಬ್ಬಿ ಇಡಿ. ಗಿರಾಕಿ ನೋಟನ್ನ ತಟ್ಟೆಗೆ ಹಾಕಲಿ, ಚಿಲ್ಲರೆ ನೀವು ಬೇರೆ ತಟ್ಟೆಯಿಂದ ಕೊಡಿ. ಇವತ್ತು ಬಂದ ನೋಟು ಒಂದು ಡಬ್ಬಿ, ನಾಳೆಯದು ಇನ್ನೊಂದು, ಹಾಗೆ ಮೂರು ಡಬ್ಬಿ ಸರದಿ ಮೇಲೆ. ಫೋನ್‌ಪೇ ಬೋರ್ಡನ್ನ ಹೊರಗೆ ಕಣ್ಣೆತ್ತರಕ್ಕೆ ಅಂಟಿಸಿ, ಕೌಂಟರ್ ಮೇಲಿದ್ದರೆ ಸ್ಕ್ಯಾನ್ ಮಾಡೋಕೆ ಎಲ್ಲರೂ ಬಗ್ಗಿ ಮುಖ ತರ್ತಾರೆ.

ಕೆಮಿಸ್ಟ್ರಿ ಮೇಷ್ಟ್ರು · ಸಂಜೆ 4:50
ಮೂರು ಡಬ್ಬಿ ಲೆಕ್ಕಕ್ಕೆ ಆಧಾರ ಇದೆ. ಮಾರ್ಚಲ್ಲಿ ಬಂದ ಪ್ರಯೋಗಾಲಯದ ಫಲಿತಾಂಶದಲ್ಲಿ ಪ್ಲಾಸ್ಟಿಕ್, ಸ್ಟೀಲ್ ಮೇಲೆ 72 ಗಂಟೆವರೆಗೆ, ರಟ್ಟಿನ ಮೇಲೆ 24 ಗಂಟೆವರೆಗೆ, ತಾಮ್ರದ ಮೇಲೆ 4 ಗಂಟೆವರೆಗೆ ವೈರಸ್ ಸಿಕ್ಕಿದೆ. ಅಷ್ಟು ಹೊತ್ತೂ ಅದೇ ಪ್ರಮಾಣದಲ್ಲಿ ಇರುತ್ತೆ ಅಂತಲ್ಲ, ಗಂಟೆಗಂಟೆಗೂ ಇಳೀತಾ ಹೋಗುತ್ತೆ. ಅಕ್ಕಿ ಚೀಲದ ಮೇಲೆಲ್ಲ ಬ್ಲೀಚ್ ಹೊಡೀಬೇಡಿ, ತಿನ್ನೋ ವಸ್ತು. ಮೂಲೆಗೆ ಒಂದು ದಿನ ಬಿಟ್ಟರೆ ಸಾಕು.

ಹೊಲಿಗೆ ಮೆಷಿನ್ · ಸಂಜೆ 5:15
ಮಾಸ್ಕ್ ಬಗ್ಗೆ ನಾನು ಹೇಳ್ತೀನಿ. ದೊಡ್ಡವರಿಗೆ 9 ಇಂಚು ಅಗಲ, 7 ಇಂಚು ಎತ್ತರ. ಮಕ್ಕಳಿಗೆ 7×5. ಎರಡು ಪದರ, ಪೂರ್ತಿ ಕಾಟನ್. ಬಟ್ಟೆಯನ್ನ ಕಿಟಕಿಗೆ ಹಿಡಿದು ನೋಡಿ, ಬೆಳಕು ಜರಡಿ ಥರ ಕಂಡ್ರೆ ಬೇಡ. ಹಳೇ ಪಂಚೆ, ತೆಳು ಟವೆಲ್ ಹಾಗೇ ಕಾಣುತ್ತೆ. ಒತ್ತು ನೇಯ್ಗೆಯ ಬೆಡ್‌ಶೀಟ್, ಶರ್ಟಿಂಗ್ ಪಾಪ್ಲಿನ್ ಒಳ್ಳೇದು.

ಕತ್ತರಿಸೋ ಮೊದಲು ಬಟ್ಟೆ ನೆನೆಸಿ ಒಣಗಿಸಿ. ಇಲ್ಲದಿದ್ರೆ ಮೊದಲನೇ ಕುದಿತಕ್ಕೇ ಕುಗ್ಗಿ ಮೂಗಿಂದ ಜಾರುತ್ತೆ. 44 ಇಂಚು ಪನ್ನದ (ಬಟ್ಟೆ ಅಗಲದ) ಒಂದು ಮೀಟರಲ್ಲಿ 7 ಇಂಚನ್ನ ಪನ್ನದ ಕಡೆ ಇಟ್ಟರೆ 24 ತುಂಡು, ಅಂದ್ರೆ 12 ಮಾಸ್ಕ್. ತಿರುಗಿಸಿ 9 ಇಂಚು ಪನ್ನದ ಕಡೆ ಇಟ್ಟರೆ 20 ತುಂಡೇ ಬರೋದು, ನೋಡ್ಕೊಳ್ಳಿ. ಕಟ್ಟೋ ಪಟ್ಟಿಗೆ ಬೇರೆ ಒಂದು ಮೀಟರ್ ಬೇಕು.

ಎರಡು ತುಂಡು ಸೇರಿಸಿ ಅರ್ಧ ಇಂಚಿನ ಮೂರು ನೆರಿಗೆ ಹಿಡೀರಿ. ಒಂದೊಂದಕ್ಕೆ ಒಂದಿಂಚು ಬಟ್ಟೆ ಹೋಗಿ ಬದಿ 4 ಇಂಚಿಗೆ ಇಳಿಯುತ್ತೆ. ನೆರಿಗೆ ಬಾಯಿ ಹೊರಗಡೆಯಿಂದ ಕೆಳಮುಖ ಇರಬೇಕು, ಮೇಲ್ಮುಖ ಇದ್ರೆ ಧೂಳು ತುಂಬೋ ಜೇಬು. ಬದಿಗೆ ಒಂದೂವರೆ ಇಂಚಿನ ಪೈಪಿಂಗ್, ಮೇಲೆ ಕೆಳಗೆ ಒಂದೂವರೆ ಇಂಚು ಅಗಲದ ಪಟ್ಟಿ ಮಡಚಿ ಹೊಲಿದು ಎರಡೂ ಕಡೆ ಉದ್ದಕ್ಕೆ ಬಿಡಿ, ತಲೆ ಹಿಂದೆ ಕಟ್ಟೋಕೆ. ಬದಿಯಲ್ಲಿ ನೆರಿಗೆ ಸೇರಿ ದಪ್ಪ ಆಗುತ್ತೆ, 14 ನಂಬರ್ ಸೂಜಿ ಹಾಕಿ, ಚಕ್ರ ಕೈಯಲ್ಲಿ ತಿರುಗಿಸಿ ದಾಟಿಸಿ.

ಕರಿಬೇವು · ಸಂಜೆ 5:22
ಎಲಾಸ್ಟಿಕ್ ಯಾಕಿಲ್ಲ? ಕಿವಿಗೆ ಹಾಕೋದು ಸುಲಭ.

ಹೊಲಿಗೆ ಮೆಷಿನ್ · ಸಂಜೆ 5:30
ಎಲಾಸ್ಟಿಕ್ ಅಂಗಡಿ ತೆಗೆಸಿ ಕೊಡಿ, ಹಾಕ್ತೀನಿ. ಸಿಕ್ಕಿದ್ರೂ ದಿನಾ ಕುದಿಸಿದ್ರೆ ವಾರದಲ್ಲಿ ಸಡಿಲ. ಕನ್ನಡಕದವರಿಗೆ ಮೇಲಿನ ಪಟ್ಟಿಯೊಳಗೆ 4 ಇಂಚು ಒಂಟಿ ಎಳೆ ವೈರು ತೂರಿಸಿ, ಎರಡೂ ತುದಿ ಸುರುಳಿ ಮಾಡಿ, ಇಲ್ಲಾಂದ್ರೆ ಕೆನ್ನೆಗೆ ಚುಚ್ಚುತ್ತೆ. ಮೂಗಿಗೆ ಒತ್ತಿಕೊಂಡ್ರೆ ಗಾಜಿಗೆ ಆವಿ ಕೂರಲ್ಲ.

ಒಬ್ಬರಿಗೆ ಎರಡು ಬೇಕೇ ಬೇಕು. ಸೋಪಲ್ಲಿ ಒಗೆದು ಬಿಸಿಲಲ್ಲಿ 5 ಗಂಟೆ, ಮಳೆಗಾಲ ಬಂದ್ರೆ ಕುಕ್ಕರಲ್ಲಿ 10 ನಿಮಿಷ ಕುದಿಸಿ. ಗಲ್ಲಕ್ಕೆ ಇಳಿಸಿ ಮಾತಾಡಿ ಮತ್ತೆ ಏರಿಸೋದಾದ್ರೆ ಹಾಕದೇ ಇರಿ.

ಕಡಲತಡಿ · 10 ಏಪ್ರಿಲ್, ಬೆಳಿಗ್ಗೆ 7:05
ಎರಡು ವರ್ಷದ ಒಳಗಿನ ಮಕ್ಕಳಿಗೆ ಮಾಸ್ಕ್ ಬೇಡ ಅಂತಲೂ ಸೇರಿಸಿ.

ಮಂಡಿಪೇಟೆ · 17 ಏಪ್ರಿಲ್, ಸಂಜೆ 6:20
ನಮ್ಮ ಮಾರ್ಕೆಟ್ ಬಾಗಿಲಿಗೆ ಸುರಂಗ ಹಾಕಬೇಕು ಅಂತ ವರ್ತಕರು ಚಂದಾ ಎತ್ತುತ್ತಿದ್ದಾರೆ. ತಮಿಳುನಾಡಿನ ತಿರುಪ್ಪೂರಲ್ಲಿ ಮಾಡಿದ್ದಾರಲ್ಲ, ಒಳಗೆ ನಡೆದು ಹೋದ್ರೆ ಮೈ ಮೇಲೆಲ್ಲ ಔಷಧಿ ಸಿಂಪಡಿಸುತ್ತೆ. ಒಳ್ಳೇದಲ್ವಾ? ಜನಕ್ಕೆ ಧೈರ್ಯ ಬರುತ್ತೆ.

ನೀರುಗಂಟಿ · ಸಂಜೆ 6:45
ಸುಳ್ಳು ಧೈರ್ಯ. ಒಳಗಿರೋದು ಇದೇ ಬ್ಲೀಚಿಂಗ್ ನೀರು. 10 ನಿಮಿಷ ಒದ್ದೆ ಇರಬೇಕು ಅಂತ ಮೇಲೆ ಮಾತಾಡಿದ್ದೀವಿ, ಸುರಂಗದಲ್ಲಿ ಯಾರು ಹತ್ತು ನಿಮಿಷ ನಿಲ್ತಾರೆ? ನಿಂತ್ರೆ ಕಣ್ಣು, ಶ್ವಾಸಕೋಶ ಏನಾಗಬೇಕು? ಉತ್ತರ ಪ್ರದೇಶದ ಬರೇಲಿಯಲ್ಲಿ ವಾಪಸ್ ಬಂದ ಕೂಲಿಯವರ ಮೇಲೆ ಪೈಪಲ್ಲಿ ಇಂಥದೇ ನೀರು ಸಿಂಪಡಿಸಿದ್ದನ್ನ ನೋಡಿಲ್ವಾ, ಮಕ್ಕಳು ಕಣ್ಣುಜ್ಜಿಕೊಂಡು ಕೂತಿದ್ವು.

ಮಂಡಿಪೇಟೆ · ಸಂಜೆ 6:58
ತೆಳು ಮಾಡಿ ಹೊಡೆದ್ರೆ?

ಕೆಮಿಸ್ಟ್ರಿ ಮೇಷ್ಟ್ರು · ಸಂಜೆ 7:15
ತೆಳು ಮಾಡಿದರೆ ವೈರಸ್ ಸಾಯಲ್ಲ, ಗಟ್ಟಿ ಇದ್ದರೆ ಮನುಷ್ಯನಿಗೆ ತೊಂದರೆ. ಮಧ್ಯದಲ್ಲಿ ಹದವೇ ಇಲ್ಲ. ಸೋಂಕಿರೋನ ವೈರಸ್ ಮೂಗು ಗಂಟಲೊಳಗೆ ಇರುತ್ತೆ, ಅಂಗಿ ತೋಯಿಸಿ ಏನು ಪ್ರಯೋಜನ?

ಗೃಹಲಕ್ಷ್ಮಿ_ಅಲ್ಲ · 19 ಏಪ್ರಿಲ್, ಬೆಳಿಗ್ಗೆ 9:00
ನಿನ್ನೆ, 18ಕ್ಕೆ, ಕೇಂದ್ರ ಆರೋಗ್ಯ ಇಲಾಖೆಯೇ ಹೇಳಿದೆ: ಮನುಷ್ಯರ ಮೇಲೆ ಸೋಂಕುನಾಶಕ ಸಿಂಪಡಿಸಬೇಡಿ ಅಂತ. ಚಂದಾ ವಾಪಸ್ ಕೊಡಿ ಮಂಡಿಪೇಟೆಯವರೇ 🙂

ಮಂಡಿಪೇಟೆ · ಬೆಳಿಗ್ಗೆ 9:12
ಆ ದುಡ್ಡಲ್ಲಿ ನಾಲ್ಕು ಡ್ರಮ್ಮು, ಸನ್ನೆ ನಲ್ಲಿ ತರಿಸೋದು ಅಂತ ಮಾತಾಗಿದೆ. ಪೇಡೆಯವರ ಬಲೆ ಸೋಪು ಐಡಿಯಾ.

ಧಾರವಾಡ್ ಪೇಡೆ · ಬೆಳಿಗ್ಗೆ 9:20
ರಾಯಲ್ಟಿ ಒಂದು ಡಬ್ಬಿ ಪೇಡೆ. ಅಂಗಡಿ ತಗದ ಮ್ಯಾಲೆ.

ಅಂಗಡಿಮನೆ · ಬೆಳಿಗ್ಗೆ 10:30
ಕ್ಲೋರೋಸ್ಕೋಪಲ್ಲಿ ನೋಡಿಸಿದೆ, 0.6 ತೋರಿಸ್ತು. ಈಗ 10 ಲೀಟರಿಗೆ 550 ಗ್ರಾಂ ಹಾಕ್ತಿದ್ದೀನಿ, ಸರೀನಾ? ಮತ್ತೆ ತಳದ ಗಸಿ ಬಕೆಟ್‌ಗಟ್ಟಲೆ ಉಳೀತಿದೆ, ಹಿತ್ತಲ ತೆಂಗಿನ ಬುಡಕ್ಕೆ ಹಾಕಬಹುದಾ, ಸುಣ್ಣ ತಾನೇ?

ನೀರುಗಂಟಿ · ಬೆಳಿಗ್ಗೆ 10:47
330ನ್ನ 0.6ರಿಂದ ಭಾಗಿಸಿದ್ರೆ 550, ಸರಿ ಇದೆ. ಚೀಲದ ಬಾಯಿ ಬಿಗಿಯಾಗಿ ಕಟ್ಟಿ, ನೆಲದ ಮೇಲಲ್ಲ, ಹಲಗೆ ಮೇಲೆ ಇಡಿ. ಹದಿನೈದು ದಿನಕ್ಕೊಮ್ಮೆ ಮತ್ತೆ ಪರೀಕ್ಷೆ ಮಾಡಿಸಿ, ಇನ್ನೂ ಇಳಿದಿರುತ್ತೆ. ಗಸಿಯಲ್ಲಿ ಇನ್ನೂ ಕ್ಲೋರಿನ್ ಇರುತ್ತೆ, ತೆಂಗಿಗೆ ಬೇಡ, ಬೇರು ಸುಡುತ್ತೆ. ಅಂಗಡಿ ಮುಂದಿನ ಚರಂಡಿಗೆ ಸುರೀರಿ, ವಾಸನೆನಾದ್ರೂ ಹೋಗುತ್ತೆ.